ಕರಾರು ಮುಗಿದು ನಾಲ್ಕು ವರ್ಷ, ಬಾಡಿಗೆ ಮಾತ್ರ ನಡೆಯುತ್ತಿದೆ: ಮಾಲೀಕರು ಅಂಗಡಿ ಬಿಡಿಸಬಹುದೇ?

ಪ್ರಶ್ನೆ: ನಾನು ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಮಳಿಗೆ ಸುಮಾರು 220 ಚದರ ಅಡಿ. 2019ರ ಜೂನ್‌ನಲ್ಲಿ 11 ತಿಂಗಳ ಕರಾರು ಮಾಡಿಕೊಂಡೆವು. ಒಂದು ಸಲ ನವೀಕರಿಸಿದೆವು. 2021ರಲ್ಲಿ ಅದೂ ಮುಗಿಯಿತು. ಆಮೇಲೆ ಯಾರೂ ಕಾಗದದ ಮಾತೆತ್ತಲಿಲ್ಲ. ಅಡ್ವಾನ್ಸ್ ಒಂದೂವರೆ ಲಕ್ಷ ಕೊಟ್ಟಿದ್ದೇನೆ, ಒಂದು ಲಕ್ಷ ಚೆಕ್‌ನಲ್ಲಿ, ಉಳಿದದ್ದು ನಗದು. ಈಗ ಬಾಡಿಗೆ 14 ಸಾವಿರ. ಕಟ್ಟಡ ಇರೋದು ತಂದೆಯ ಹೆಸರಲ್ಲಿ. ಆದರೆ ಎರಡು ವರ್ಷದಿಂದ ಅವರ ಮಗನ ನಂಬರಿಗೆ ಯುಪಿಐ ಮಾಡುತ್ತಿದ್ದೇನೆ. ಕಳೆದ ವಾರ ಮಗ ಬಂದು, "22 ಸಾವಿರ ಕೊಡಿ, ಇಲ್ಲಾಂದ್ರೆ ತಿಂಗಳ ಕೊನೆಗೆ ಖಾಲಿ ಮಾಡಿ. ಮಾಡದಿದ್ರೆ ಬೀಗ ಹಾಕ್ತೀನಿ, ಕರೆಂಟ್ ತೆಗೆಸ್ತೀನಿ" ಅಂದರು. ಜಾಸ್ತಿ ಬಾಡಿಗೆಗೆ ಒಪ್ಪಿದರೆ ನೂರು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಐದು ವರ್ಷಕ್ಕೆ ಬರೆದು ನೋಟರಿ ಮಾಡಿಸಿ ಕೊಡುತ್ತಾರಂತೆ. ಪಕ್ಕದ ಅಂಗಡಿಯವರು, "ಬಾಡಿಗೆ ಕೊಡೋದೇ ನಿಲ್ಸಿ, ಹನ್ನೆರಡು ವರ್ಷ ಆದ್ರೆ ಅಂಗಡಿ ನಿಮ್ದೇ" ಅನ್ನುತ್ತಾರೆ. ಇನ್ನೊಬ್ಬರು, "ಕರಾರೇ ಇಲ್ಲ, ನಿಮಗೇನೂ ಹಕ್ಕಿಲ್ಲ" ಅನ್ನುತ್ತಾರೆ. ಗೋಡೆಗೆ ಹೊಡೆಸಿದ ರ‍್ಯಾಕ್, ಗಾಜಿನ ಕೌಂಟರ್, ಫಾಲ್ಸ್ ಸೀಲಿಂಗ್ ಎಲ್ಲಾ ನನ್ನ ಖರ್ಚು. ನಾನೇನು ಮಾಡಲಿ?

ಉತ್ತರ: ನಾಳೆ ಬೆಳಿಗ್ಗೆ ಬಂದಾಗ ಶಟರ್‌ಗೆ ಬೇರೆಯವರ ಬೀಗ ಬಿದ್ದಿರುತ್ತದೇನೋ ಎಂಬ ಭಯ ನಿಮ್ಮ ಪತ್ರದ ತುಂಬ ಇದೆ. ಅದರ ಹಿಂದೆ ಇನ್ನೊಂದು ಆತಂಕವಿದೆ. ಕಾಗದ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಆರು ವರ್ಷ ಕಟ್ಟಿದ ವ್ಯಾಪಾರ ಕೈಬಿಟ್ಟು ಹೋಗುತ್ತಾ ಎಂದು. ನೇರವಾಗಿ ಹೇಳುತ್ತೇನೆ. ಮಾಲೀಕರು ನಿಮ್ಮನ್ನು ಬಿಡಿಸಬಹುದು. ಆದರೆ ಮಗ ಹೇಳಿದ ರೀತಿಯಲ್ಲಿ ಬಿಡಿಸುವಂತಿಲ್ಲ, ಅಷ್ಟು ಬೇಗ ಬಿಡಿಸಲೂ ಆಗದು. ಈ ನಡುವೆ ನಿಮಗೆ ಸಿಗುವ ಸಮಯವೇ ನಿಮ್ಮ ಬಲ. ಅದನ್ನು ಅಂಗಡಿ ಹಿಡಿದು ಕೂರೋದಕ್ಕೆ ಖರ್ಚು ಮಾಡಬೇಡಿ. ಒಳ್ಳೆಯ ಒಪ್ಪಂದಕ್ಕೆ ಬಳಸಿ.

ಮೊದಲು ಆ ಇಬ್ಬರ ಸಲಹೆ ನೋಡೋಣ. ಇಬ್ಬರದೂ ತಪ್ಪು.

ಕರಾರು ಮುಗಿದ ಮಾತ್ರಕ್ಕೆ ನೀವು ಅತಿಕ್ರಮಣ ಮಾಡಿದವರಾಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 116ನೇ ಕಲಂ ಇಂಥ ಸಂದರ್ಭಕ್ಕೆಂದೇ ಇದೆ. ಅವಧಿ ಮುಗಿದ ಮೇಲೂ ಬಾಡಿಗೆದಾರರು ಉಳಿದು, ಮಾಲೀಕರು ಬಾಡಿಗೆ ತೆಗೆದುಕೊಳ್ಳುತ್ತಾ ಹೋದರೆ ಬಾಡಿಗೆ ಸಂಬಂಧ ಮುಂದುವರಿಯುತ್ತದೆ. ಅಂಗಡಿಯ ಮಟ್ಟಿಗೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 2021ರಿಂದ ನಿಮ್ಮದು ಹೀಗೇ ನಡೆದಿದೆ. ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದೊಂದು ಸಾಲೂ ಅದಕ್ಕೆ ಸಾಕ್ಷಿ.

ಹನ್ನೆರಡು ವರ್ಷದ ಮಾತು ಇದಕ್ಕಿಂತ ಅಪಾಯದ್ದು. ನನ್ನ ಬಳಿ ಬರುವ ಬಾಡಿಗೆದಾರರಲ್ಲಿ ಇದನ್ನು ನಂಬಿ ಕೆಟ್ಟವರೇ ಜಾಸ್ತಿ. ಆ ಹನ್ನೆರಡು ವರ್ಷ ಬೇರೆಯವರ ಆಸ್ತಿಯನ್ನು ಅವರಿಗೆ ವಿರುದ್ಧವಾಗಿ, ತನ್ನದೇ ಎಂದು ಬಹಿರಂಗವಾಗಿ ಹಿಡಿದಿಟ್ಟುಕೊಂಡವರಿಗೆ ಸಂಬಂಧಿಸಿದ್ದು. ನೀವು ಮಾಲೀಕರ ಒಪ್ಪಿಗೆಯಿಂದ ಒಳಗೆ ಬಂದಿದ್ದೀರಿ, ಬಾಡಿಗೆ ಕೊಟ್ಟಿದ್ದೀರಿ. ಒಪ್ಪಿಗೆಯ ಸ್ವಾಧೀನ ಎಷ್ಟು ವರ್ಷವಾದರೂ ಒಡೆತನ ಆಗುವುದಿಲ್ಲ. ಇನ್ನು ಬಾಡಿಗೆ ನಿಲ್ಲಿಸಿದರೆ ಎದುರಿನವರ ವಕೀಲರಿಗೆ ಬೇಕಾದ ಅಸ್ತ್ರ ನೀವೇ ಕೈಗೆ ಕೊಟ್ಟಂತೆ. ಮೂರು ವರ್ಷದವರೆಗಿನ ಬಾಕಿಯನ್ನು ಅವರು ದಾವೆಯಲ್ಲಿ ಕೇಳಬಹುದು. ನ್ಯಾಯಾಧೀಶರ ಮುಂದೆ ನಿಮ್ಮ ಪ್ರಾಮಾಣಿಕತೆಯ ಮೇಲೂ ಅನುಮಾನ ಬರುತ್ತದೆ. ಹಾಗಾಗಿ ಬಾಡಿಗೆಯನ್ನು ಒಂದು ದಿನವೂ ತಡ ಮಾಡಬೇಡಿ. ಯುಪಿಐ ಮಾಡುವಾಗ ಕೆಳಗೆ ಟಿಪ್ಪಣಿ ಬರೆಯುವ ಜಾಗ ಇರುತ್ತದೆ ಅಲ್ವಾ, ಅಲ್ಲಿ "ಇಂಥ ತಿಂಗಳ ಅಂಗಡಿ ಬಾಡಿಗೆ" ಎಂದು ಬರೆಯಿರಿ. ಸುಮ್ನೆ ಮೊತ್ತ ಹಾಕಿ ಕಳಿಸಿದರೆ, ಅದು ಬಾಡಿಗೆಯಲ್ಲ, ಕೈಸಾಲ ವಾಪಸ್ ಕೊಟ್ಟಿದ್ದು ಎಂದು ನಾಳೆ ವಾದ ಬರಬಹುದು. ಅವರು ಹಣ ಬೇಡ ಎಂದರೆ ತಂದೆಯ ಹೆಸರಿಗೆ ಚೆಕ್ ಬರೆದು, ಒಂದು ಪತ್ರದ ಜೊತೆ ಸ್ಪೀಡ್ ಪೋಸ್ಟ್ ಮಾಡಿ. ಅವರು ವಾಪಸ್ ಕಳಿಸಿದರೆ ಲಕೋಟೆ ಒಡೆಯದೆ ಇಟ್ಟುಕೊಳ್ಳಿ.

ಈಗ ಮುಖ್ಯ ವಿಷಯ. ನಿಮ್ಮನ್ನು ಬಿಡಿಸಲು ಮಾಲೀಕರಿಗೆ ಕಾರಣ ಬೇಕಾ? ಇದಕ್ಕೆ ಉತ್ತರ ನಿಮ್ಮ ಮಳಿಗೆಯ ಅಳತೆಯಲ್ಲಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಾಡಿಗೆದಾರರಿಗೆ ದೊಡ್ಡ ರಕ್ಷಣೆ ಕೊಡುತ್ತದೆ. ಕಾಯ್ದೆಯಲ್ಲೇ ಹೇಳಿರುವ ಕಾರಣಗಳಲ್ಲಿ ಒಂದಿಲ್ಲದೆ ಬಿಡಿಸುವಂತಿಲ್ಲ. ಆದರೆ 14 ಚದರ ಮೀಟರಿಗಿಂತ ದೊಡ್ಡ ವ್ಯಾಪಾರದ ಜಾಗಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. 14 ಚದರ ಮೀಟರ್ ಅಂದರೆ ಸುಮಾರು 150 ಚದರ ಅಡಿ. ಅದಕ್ಕಿಂತ ಚಿಕ್ಕ ಅಂಗಡಿಗೂ ಬಾಡಿಗೆಯ ಮೊತ್ತದ ಮೇಲೆ ಇನ್ನೊಂದು ಮಿತಿ ಇದೆ. ನಿಮ್ಮದು 220 ಅಡಿ. ಹಾಗಾಗಿ ನಿಮಗೆ ಆ ರಕ್ಷಣೆ ಇಲ್ಲ. ಇದನ್ನು ಹೇಳೋದಕ್ಕೆ ನನಗೂ ಬೇಜಾರೇ. ಆದರೂ ಹೇಳಬೇಕು. ಬಾಡಿಗೆ ಕಾಯ್ದೆ ಕಾಪಾಡುತ್ತದೆ ಎಂದು ನಂಬಿ ಎಷ್ಟೋ ಅಂಗಡಿಯವರು ಕೋರ್ಟಿನಲ್ಲಿ ಹಣ ಕಳೆದುಕೊಂಡಿದ್ದಾರೆ.

ನಿಮಗೆ ಅನ್ವಯಿಸೋದು ಆಸ್ತಿ ವರ್ಗಾವಣೆ ಕಾಯ್ದೆ. ಅದರ 106ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನಿಮ್ಮಂಥ ತಿಂಗಳ ಬಾಡಿಗೆಯನ್ನು 15 ದಿನದ ನೋಟಿಸ್ ಕೊಟ್ಟು ಕೊನೆಗೊಳಿಸಬಹುದು. ಕಾರಣ ಹೇಳಬೇಕಿಲ್ಲ. ನೋಟಿಸ್ ನಿಮ್ಮ ಕೈ ಸೇರಿದ ದಿನದಿಂದ ಲೆಕ್ಕ. ನೋಟಿಸಿನ ಅವಧಿ ಬಾಡಿಗೆ ತಿಂಗಳ ಕೊನೆಯ ದಿನಕ್ಕೇ ಮುಗಿಯಬೇಕು ಎಂದು ಹಳಬರು ಹೇಳುತ್ತಾರೆ. ಅದು ಹಿಂದಿನ ನಿಯಮ, 2002ರ ತಿದ್ದುಪಡಿಯಲ್ಲಿ ಹೋಯಿತು. ನೋಟಿಸಿನಲ್ಲಿ ದಿನ ಸ್ವಲ್ಪ ಕಡಿಮೆ ಇದ್ದರೂ, 15 ದಿನ ಕಳೆದ ಮೇಲೆ ದಾವೆ ಹೂಡಿದ್ದರೆ ಆ ತಪ್ಪಿನಿಂದ ನೋಟಿಸ್ ಈಗ ಬಿದ್ದುಹೋಗುವುದಿಲ್ಲ. ನೋಟಿಸಿನಲ್ಲಿ ದೋಷ ಹುಡುಕಿ ಕೇಸ್ ಗೆಲ್ಲುವ ಕಾಲ ಹೆಚ್ಚುಕಡಿಮೆ ಮುಗಿದಿದೆ.

ಆದರೆ ಮಗ ಅಂಗಡಿ ಮುಂದೆ ನಿಂತು ಹೇಳಿದ ಮಾತು ಇಂಥ ನೋಟಿಸ್ ಆಗುವುದಿಲ್ಲ. ನೋಟಿಸ್ ಬರಹದಲ್ಲಿರಬೇಕು. ಮಾಲೀಕರು ಅಥವಾ ಅವರ ಪರವಾಗಿ ಬೇರೆಯವರು ಸಹಿ ಮಾಡಿರಬೇಕು. ನಿಮ್ಮ ಮಾಲೀಕರು ತಂದೆ. ಅವರು ಒಪ್ಪಿ ಕಳಿಸಿದ್ದಾರಾ, ಇಲ್ಲ ಮಗ ತಾನೇ ಬಂದಿದ್ದಾರಾ ಎಂದು ತಿಳಿದುಕೊಳ್ಳಿ. ತಂದೆಯ ಹತ್ತಿರ ಒಮ್ಮೆ ಹೋಗಿ ಮಾತನಾಡಿ. ಇದು ಕಾನೂನಿನ ಸಲಹೆಗಿಂತ ಅನುಭವದ ಸಲಹೆ. ಅಂಗಡಿ ಬಾಡಿಗೆಯ ಜಗಳಗಳಲ್ಲಿ ಸುಮಾರಷ್ಟು, ಆಡಳಿತ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೋಗುವಾಗಲೇ ಹುಟ್ಟುತ್ತವೆ. ಹಳೆಯ ಮಾತುಕತೆ ಹೊಸಬರಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೂ ತಾವು ಕೊಟ್ಟ ಮಾತಲ್ಲ ಅನಿಸುತ್ತದೆ.

ನೋಟಿಸ್ ಕೊಟ್ಟು 15 ದಿನ ಆಯಿತು ಎಂದುಕೊಳ್ಳೋಣ. ಆಗಲಾದರೂ ಬೀಗ ಹಾಕಬಹುದಾ? ಇಲ್ಲ. ಅವರು ಕೋರ್ಟಿಗೆ ಹೋಗಿ, ಡಿಕ್ರಿ (ದಾವೆಯ ತೀರ್ಪಿನ ಆದೇಶ) ತಂದು, ಕೋರ್ಟಿನ ಮೂಲಕವೇ ಸ್ವಾಧೀನ ಪಡೆಯಬೇಕು. ನೆಲೆಯಾಗಿ ಸ್ವಾಧೀನದಲ್ಲಿ ಇರುವವರನ್ನು ಖುದ್ದು ಮಾಲೀಕರೇ ಆದರೂ ಕಾನೂನಿನ ದಾರಿ ಬಿಟ್ಟು ಹೊರಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಬೆದರಿಕೆ ಗಟ್ಟಿಯಾಗಿದ್ದರೆ ಈಗಲೇ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ಕಾನೂನಿನ ಕ್ರಮ ಬಿಟ್ಟು ನನ್ನನ್ನು ಹೊರಹಾಕದಂತೆ ತಡೆಯಿರಿ, ಅಷ್ಟೇ ಕೋರಿಕೆ. ನ್ಯಾಯವಾದ ಕೋರಿಕೆಯಾದ್ದರಿಂದ ಸಾಮಾನ್ಯವಾಗಿ ಸಿಗುತ್ತದೆ.

ಒಂದು ವೇಳೆ ಬೀಗ ಹಾಕೇ ಬಿಟ್ಟರೆ, ಬೀಗ ಒಡೆಯಲು ಹೋಗಬೇಡಿ. ಶಟರ್, ಬೀಗ, ಅಂಗಡಿಯ ಬೋರ್ಡ್ ಎಲ್ಲಾ ಒಂದೇ ಚಿತ್ರದಲ್ಲಿ ಬರುವ ಹಾಗೆ ಫೋಟೋ ತೆಗೆಯಿರಿ. 112ಕ್ಕೆ ಫೋನ್ ಮಾಡಿ. ಠಾಣೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಎಂದು ಅಲ್ಲಿ ಹೇಳುವ ಸಾಧ್ಯತೆ ಇದೆ. ಹೇಳಿದರೂ ಸ್ವೀಕೃತಿ ಬಿಡಬೇಡಿ. ಬೀಗ ಬಿದ್ದ ತಾರೀಖಿಗೆ ಅದೇ ಪುರಾವೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಅಡಿ, ಬಲವಂತದಿಂದ ಹೊರಹಾಕಿದ ಆರು ತಿಂಗಳ ಒಳಗೆ ದಾವೆ ಹೂಡಿದರೆ ಸ್ವಾಧೀನ ವಾಪಸ್ ಕೊಡಿಸುತ್ತಾರೆ. ಅಲ್ಲಿ ಒಡೆತನ ಯಾರದ್ದು ಎಂಬ ಚರ್ಚೆಯೇ ಇಲ್ಲ. ಯಾರು ಒಳಗಿದ್ದರು, ಹೇಗೆ ಹೊರಬಿದ್ದರು, ಇಷ್ಟೇ ನೋಡುತ್ತಾರೆ. ಆರು ತಿಂಗಳು ದಾಟಿತೋ, ಆ ಸುಲಭದ ದಾರಿ ಮುಚ್ಚಿತು. ಆದ್ದರಿಂದ "ಮಾತುಕತೆ ನಡೀತಿದೆ, ನೋಡೋಣ" ಎಂದು ತಿಂಗಳುಗಟ್ಟಲೆ ಕಾಯಬೇಡಿ.

ಕರೆಂಟ್ ವಿಷಯ. ಮೀಟರ್ ಮಾಲೀಕರ ಹೆಸರಲ್ಲಿದೆ, ಅವರು ತೆಗೆಸಿದರೆ ಕೇಳೋರಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಜೆರಾಕ್ಸ್ ಅಂಗಡಿಗೆ ಕರೆಂಟ್ ಹೋದರೆ ಬೀಗ ಹಾಕಿದಂತೆಯೇ ಸರಿ. 2003ರ ವಿದ್ಯುತ್ ಕಾಯ್ದೆ, ಕಟ್ಟಡದ ಮಾಲೀಕರು ಅಥವಾ ಅದರಲ್ಲಿ ಇರುವವರು ಕೇಳಿದರೆ ಸಂಪರ್ಕ ಕೊಡಬೇಕು ಎನ್ನುತ್ತದೆ. ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಎಂಬ ಕಾರಣಕ್ಕೆ ಬಾಡಿಗೆದಾರರಿಗೆ ವಿದ್ಯುತ್ ನಿರಾಕರಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಬಿಲ್ ನೀವೇ ಕಟ್ಟುತ್ತಿದ್ದರೆ ರಶೀದಿಗಳನ್ನು ಜೋಡಿಸಿಡಿ. ತಡೆಯಾಜ್ಞೆ ಕೇಳುವಾಗ ಕರೆಂಟ್, ನೀರು ಕಡಿತ ಮಾಡದಂತೆಯೂ ಕೇಳಿ.

ಬಾಡಿಗೆ 14ರಿಂದ 22 ಸಾವಿರ. ವರ್ಷಕ್ಕೆ ಶೇ. 5 ಅಥವಾ 10ಕ್ಕಿಂತ ಏರಿಸುವಂತಿಲ್ಲ ಎಂಬ ಮಾತು ಕೇಳಿರುತ್ತೀರಿ. ಕರಾರಿನಲ್ಲಿ ಹಾಗೆ ಬರೆದಿದ್ದರೆ ಉಂಟು. ನಿಮ್ಮಂಥ ಅಂಗಡಿಗೆ ಕಾನೂನಿನಲ್ಲಿ ಅಂಥ ಮಿತಿ ಇಲ್ಲ. ಹಾಗಂತ ಅವರು ಒಬ್ಬರೇ ಏರಿಸಿಬಿಡಲೂ ಆಗುವುದಿಲ್ಲ, ನೀವು ಒಪ್ಪಬೇಕು. ಒಪ್ಪದಿದ್ದರೆ ಅವರಿಗಿರುವ ದಾರಿ ನೋಟಿಸ್ ಮತ್ತು ದಾವೆ ಮಾತ್ರ.

ಹಾಗಾದರೆ ದಾವೆ ನಡೆಯಲಿ, ವರ್ಷಗಟ್ಟಲೆ ಎಳೆಯೋಣ ಎಂದು ನಿಮಗೆ ಸಲಹೆ ಕೊಡುವವರು ಸಿಗುತ್ತಾರೆ. ದಾವೆ ಎಳೆಯುತ್ತದೆ, ನಿಜ. ಆದರೆ ನೋಟಿಸ್ ಅವಧಿ ಮುಗಿದ ದಿನದಿಂದ ನೀವು ಕೊಡಬೇಕಾಗುವುದು ಹಳೆಯ ಬಾಡಿಗೆ ಅಲ್ಲ. ಜಾಗವನ್ನು ಬಳಸಿದ್ದಕ್ಕೆ ನಷ್ಟ ಪರಿಹಾರವನ್ನು ಕೋರ್ಟ್ ಮಾರುಕಟ್ಟೆ ದರದಲ್ಲಿ ಲೆಕ್ಕ ಹಾಕಬಹುದು. ಡಿಕ್ರಿಯ ಮೇಲೆ ಮೇಲ್ಮನವಿ ಹೋಗಿ ತಡೆ ಕೇಳಿದರೆ, ಮಾರುಕಟ್ಟೆ ದರ ಕಟ್ಟು ಎಂಬ ಷರತ್ತು ಹಾಕಬಹುದು ಎಂದು 2004ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮೂರು ವರ್ಷ ಎಳೆದು, ಕೊನೆಗೆ ತಿಂಗಳಿಗೆ ಎಂಟು ಸಾವಿರದಂತೆ ವ್ಯತ್ಯಾಸ ಬಂದರೆ? 2 ಲಕ್ಷ 88 ಸಾವಿರ. ನಿಮ್ಮ ಅಡ್ವಾನ್ಸ್ ಎಲ್ಲಾ ಅದಕ್ಕೇ ಹೋಗಿ ಇನ್ನೂ ಬಾಕಿ ಉಳಿಯುತ್ತದೆ. ವಕೀಲರ ಫೀಸು ಬೇರೆ.

ಇನ್ನು ನೂರು ರೂಪಾಯಿ ಕಾಗದದ ಐದು ವರ್ಷದ ಕರಾರು. ಇದಕ್ಕೆ ಸಹಿ ಹಾಕಬೇಡಿ. ಮಾಲೀಕರು ಮೋಸ ಮಾಡಬೇಕೆಂದೇ ಹೀಗೆ ಹೇಳಿದ್ದಾರೆ ಎಂದೂ ನಾನು ಹೇಳುತ್ತಿಲ್ಲ. ಬಹಳ ಜನರಿಗೆ ಇದು ಗೊತ್ತಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. 1908ರ ನೋಂದಣಿ ಕಾಯ್ದೆಯ 17ನೇ ಕಲಂ, ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಎರಡೂ ಇದನ್ನೇ ಹೇಳುತ್ತವೆ. ಎಲ್ಲರೂ 11 ತಿಂಗಳಿಗೇ ಬರೆಯೋದು ಯಾಕೆ ಎಂದರೆ ಈ ನೋಂದಣಿ ಮತ್ತು ಅದರ ಖರ್ಚು ತಪ್ಪಿಸೋದಕ್ಕೆ. ನೋಟರಿ ಮುದ್ರೆ ನೋಂದಣಿ ಅಲ್ಲ. ಸಹಿ ಹಾಕಿದವರು ಇವರೇ ಎಂದು ನೋಟರಿ ದೃಢೀಕರಿಸುತ್ತಾರೆ, ಅಷ್ಟೇ. ನೋಂದಣಿ ಆಗದ ಐದು ವರ್ಷದ ಕರಾರಿನಿಂದ ಐದು ವರ್ಷದ ಹಕ್ಕು ಹುಟ್ಟುವುದಿಲ್ಲ, ಅದು ಮತ್ತೆ ತಿಂಗಳ ಬಾಡಿಗೆಯೇ ಆಗುತ್ತದೆ. 2000ದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣವೂ ನೋಂದಣಿ ಆಗದ ಐದು ವರ್ಷದ ಗುತ್ತಿಗೆಯದ್ದೇ. ಅಂದರೆ ನೀವು 22 ಸಾವಿರ ಕೊಡಲು ಶುರು ಮಾಡುತ್ತೀರಿ, ಅವರಿಗೆ ಮಾತ್ರ 15 ದಿನದ ನೋಟಿಸಿನ ಅಧಿಕಾರ ಹಾಗೇ ಉಳಿಯುತ್ತದೆ. ಸ್ಟಾಂಪ್ ಶುಲ್ಕ ಕಡಿಮೆ ಕಟ್ಟಿದ್ದರೆ ಇನ್ನೊಂದು ತೊಂದರೆ. ಆ ಕಾಗದವನ್ನು ಕೋರ್ಟಿನಲ್ಲಿ ಹಾಜರು ಮಾಡಲು ಹೋದರೆ, ಬಾಕಿ ಶುಲ್ಕದ ಜೊತೆ ಅದರ ಹತ್ತು ಪಟ್ಟು ದಂಡ ಕಟ್ಟಬೇಕಾಗುತ್ತದೆ.

ಹಾಗಾದರೆ ನಾನೇನು ಮಾಡಿ ಎನ್ನುತ್ತೇನೆ? ನಿಮ್ಮ ಗಿರಾಕಿಗಳು ಆ ಜಾಗಕ್ಕೆ ಅಂಟಿಕೊಂಡವರಾಗಿದ್ದರೆ, ಪಕ್ಕದಲ್ಲಿ ಶಾಲೆಯೋ ಕಚೇರಿಯೋ ಇದ್ದು ಅದರಿಂದಲೇ ವ್ಯಾಪಾರ ನಡೆಯುತ್ತಿದ್ದರೆ, ಬಾಡಿಗೆಯಲ್ಲಿ ಸ್ವಲ್ಪ ಬಗ್ಗಿ. ಬದಲಿಗೆ ನೋಂದಾಯಿತ ಗುತ್ತಿಗೆ ಕೇಳಿ. ಮೂರು ವರ್ಷ ಸಾಕು. ಸ್ಟಾಂಪ್ ಶುಲ್ಕ ಎಷ್ಟಾಗುತ್ತದೆ ಎಂದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೋ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ಮೊದಲೇ ಕೇಳಿ, ಅರ್ಧ ಅರ್ಧ ಹಂಚಿಕೊಳ್ಳಿ. ಆ ಖರ್ಚು ದಂಡ ಅನಿಸಬಹುದು. ಆದರೆ ಅದು ನಿಮಗೆ ಮೂರು ವರ್ಷದ ನಿದ್ದೆ ಕೊಡುತ್ತದೆ. ನಡುವೆ ಕಟ್ಟಡ ಮಾರಾಟವಾದರೂ ಕೊಂಡವರು ಹಳೆಯ ಮಾಲೀಕರ ಸ್ಥಾನಕ್ಕೆ ಬರುತ್ತಾರೆ, ಗುತ್ತಿಗೆ ಮುರಿಯುವುದಿಲ್ಲ. ಸಹಿ ಮಾತ್ರ ತಂದೆಯದ್ದೇ ಇರಬೇಕು. ಮಗ ಮಾಡುವುದಾದರೆ ಅದಕ್ಕೆ ಅಧಿಕಾರ ಪತ್ರ ಬೇಕು. ಸಹಿಗೆ ಮೊದಲು ಕಟ್ಟಡದ ಇ.ಸಿ. (ಆಸ್ತಿಯ ಮೇಲೆ ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪತ್ರ) ತೆಗೆಸಿ ನೋಡಿ. ಬ್ಯಾಂಕಿಗೆ ಅಡ ಇಟ್ಟ ಕಟ್ಟಡವಾದರೆ, ಬ್ಯಾಂಕಿನ ಒಪ್ಪಿಗೆ ಇಲ್ಲದೆ ಮೂರು ವರ್ಷ ಮೀರಿದ ಗುತ್ತಿಗೆ ಕೊಡಲು ಮಾಲೀಕರಿಗೆ ಸಾಮಾನ್ಯವಾಗಿ ಅಧಿಕಾರ ಇರುವುದಿಲ್ಲ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದು ಮಾಲೀಕರು ಮಾಡಿಸದಿದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ. 18 ತೆರಿಗೆ ನೀವೇ ಕಟ್ಟಬೇಕು. ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ, ಅಂದರೆ ಕಾಂಪೊಸಿಶನ್‌ನಲ್ಲಿ ಇದ್ದರೆ ಮಾತ್ರ ಬೇಡ. ಬಾಡಿಗೆ ಚೌಕಾಸಿ ಮಾಡುವಾಗ ಈ ಲೆಕ್ಕ ಮರೆಯಬೇಡಿ.

ಜಾಗ ಬದಲಾದರೂ ವ್ಯಾಪಾರ ನಡೆಯುತ್ತದೆ ಅನಿಸಿದರೆ, ಗೌರವದಿಂದ ಬಿಡುವ ಒಪ್ಪಂದ ಮಾಡಿಕೊಳ್ಳಿ. ನನ್ನನ್ನು ಕೇಳಿದರೆ ನಿಮ್ಮ ಸ್ಥಿತಿಯಲ್ಲಿ ಇದೇ ಒಳ್ಳೆಯದು. ಆರು ತಿಂಗಳು ಸಮಯ ಕೇಳಿ, ಅಷ್ಟು ದಿನ ಹಳೆಯ ಬಾಡಿಗೆ. ದಾವೆ ಹೂಡಿದರೆ ಅವರಿಗೂ ಇದಕ್ಕಿಂತ ಜಾಸ್ತಿ ಕಾಲ ಹಿಡಿಯುತ್ತದೆ. ಅದು ಅವರ ವಕೀಲರಿಗೂ ಗೊತ್ತಿರುತ್ತದೆ, ಹಾಗಾಗಿ ಒಪ್ಪುವ ಸಾಧ್ಯತೆ ಇದೆ. ಅಪಾಯ ಇರೋದು ನಿಮ್ಮ ಕಡೆಯೇ. ಬರೆದುಕೊಟ್ಟ ದಿನ ಬಿಡದಿದ್ದರೆ ಆ ಕಾಗದವೇ ನಿಮ್ಮ ವಿರುದ್ಧ ಸಾಕ್ಷಿ. ಹೊಸ ಜಾಗ ಸಿಗಬಹುದೆಂಬ ಲೆಕ್ಕ ಇಟ್ಟುಕೊಂಡೇ ತಾರೀಖು ಒಪ್ಪಿ.

ಅಡ್ವಾನ್ಸ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಜಾಸ್ತಿ ಜನ ಹಣ ಕಳೆದುಕೊಳ್ಳೋದು ಇಲ್ಲೇ. ಕೀಲಿ ಮತ್ತು ಹಣ ಒಂದೇ ದಿನ, ಒಂದೇ ಮೇಜಿನ ಮೇಲೆ ಕೈ ಬದಲಾಗಬೇಕು. "ಕೀಲಿ ಕೊಡಿ, ಹೊಸಬರು ಬಂದ ಮೇಲೆ ಅವರ ಅಡ್ವಾನ್ಸಿನಲ್ಲಿ ಕೊಡ್ತೀನಿ" ಎಂಬ ಮಾತಿಗೆ ಒಪ್ಪಬೇಡಿ. ಮುಂದಿನ ತಾರೀಖಿನ ಚೆಕ್ ತೆಗೆದುಕೊಳ್ಳಲೇಬೇಕಾದರೆ, ಅದು ಅಡ್ವಾನ್ಸ್ ವಾಪಸಾತಿಗೆ ಎಂದು ಬರೆಸಿಕೊಳ್ಳಿ. ಆ ತಾರೀಖಿನಿಂದ ಮೂರು ತಿಂಗಳ ಒಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ ಬ್ಯಾಂಕ್ ತಿಳಿಸಿದ 30 ದಿನದಲ್ಲಿ ನೋಟಿಸ್ ಕೊಡಬೇಕು. ಅದು ತಲುಪಿದ 15 ದಿನದಲ್ಲಿ ಹಣ ಬಾರದಿದ್ದರೆ, ಮುಂದಿನ ಒಂದು ತಿಂಗಳಲ್ಲಿ ಕೋರ್ಟಿನಲ್ಲಿ ದೂರು. ಇದರಲ್ಲಿ ಒಂದು ಗಡುವು ತಪ್ಪಿದರೂ ಕೇಸ್ ಕೈಬಿಡುವ ಸಾಧ್ಯತೆ ಹೆಚ್ಚು. ಚೆಕ್ ಇಲ್ಲದಿದ್ದರೆ ಅಡ್ವಾನ್ಸಿಗಾಗಿ ದಾವೆ ಹೂಡಲು ಮೂರು ವರ್ಷ ಕಾಲಾವಕಾಶ.

2019ರ ಆ ಒಂದು ಲಕ್ಷದ ಚೆಕ್ಕಿನ ಸ್ಟೇಟ್‌ಮೆಂಟನ್ನು ಈ ವಾರವೇ ಬ್ಯಾಂಕಿನಿಂದ ತೆಗೆಸಿ. ವರ್ಷ ಕಳೆದಂತೆ ಹಳೆಯ ದಾಖಲೆ ಸಿಗೋದು ಕಷ್ಟ. ನಗದು 50 ಸಾವಿರಕ್ಕೆ ಹಳೆಯ ಕರಾರೇ ಆಧಾರ. ಅದರ ಮೂಲ ಪ್ರತಿ ಯಾರಿಗೂ ಕೊಡಬೇಡಿ. "ನಮ್ಮ ಅಡ್ವಾನ್ಸ್ ಒಂದೂವರೆ ಲಕ್ಷದ ಬಗ್ಗೆ ಮಾತಾಡೋಣ" ಎಂದು ಒಂದು ವಾಟ್ಸಾಪ್ ಸಂದೇಶ ಹಾಕಿ. ಮಗ ಮೊತ್ತವನ್ನು ಅಲ್ಲಗಳೆಯದೆ ಉತ್ತರ ಕೊಟ್ಟರೆ ಅದೂ ಉಪಯೋಗಕ್ಕೆ ಬರುತ್ತದೆ. ಬಣ್ಣ ಮಾಸಿದೆ, ನೆಲ ಸವೆದಿದೆ ಎಂದು ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲು ನೋಡಬಹುದು. ಸಾಮಾನ್ಯ ಬಳಕೆಯ ಸವೆತಕ್ಕೆ ಕಾನೂನಿನಲ್ಲಿ ನೀವು ಹೊಣೆಯಲ್ಲ. ಬಣ್ಣ ಹೊಡೆಸಿ ಕೊಡಬೇಕು ಎಂದು ಕರಾರಿನಲ್ಲಿ ಇದ್ದರೆ ಮಾತ್ರ ಬೇರೆ ಮಾತು.

ರ‍್ಯಾಕ್, ಕೌಂಟರ್, ಸೀಲಿಂಗ್ ನಿಮ್ಮ ಖರ್ಚಿನದ್ದಾದರೆ ನೀವು ತೆಗೆದುಕೊಂಡು ಹೋಗಬಹುದು. ಆದರೆ ಜಾಗ ನಿಮ್ಮ ಸ್ವಾಧೀನದಲ್ಲಿ ಇರುವಾಗಲೇ ತೆಗೆಯಬೇಕು. ಗೋಡೆಯ ತೂತು ಮುಚ್ಚಿ, ಜಾಗ ಮೊದಲಿದ್ದ ಹಾಗೆ ಮಾಡಿ ಕೊಡಬೇಕು. ಕೀಲಿ ಕೊಟ್ಟ ಮೇಲೆ "ನನ್ನ ರ‍್ಯಾಕ್ ಕೊಡಿ" ಎಂದರೆ ಕೇಳಿಸಿಕೊಳ್ಳುವವರು ಇರುವುದಿಲ್ಲ. ಖಾಲಿ ಮಾಡಿದ ಮೇಲೆ ಬಾಗಿಲಿಂದ ಹಿಂಗೋಡೆವರೆಗೆ ಒಂದು ವಿಡಿಯೋ ಮಾಡಿಟ್ಟುಕೊಳ್ಳಿ. ಜಿಎಸ್‌ಟಿ ಇದ್ದರೆ ಹೊಸ ವಿಳಾಸವನ್ನು 15 ದಿನದಲ್ಲಿ ತಿದ್ದಿಸಿ.

ಇದನ್ನು ಓದುವ ಮಾಲೀಕರಿಗೂ ಒಂದು ಮಾತು. ನಿಮ್ಮ ಆಸ್ತಿ ನಿಮಗೆ ಬೇಕು ಅನ್ನೋದು ತಪ್ಪಲ್ಲ, ಕಾನೂನೂ ನಿಮ್ಮ ಕಡೆ ಇದೆ. ಕೆಡೋದು ಆತುರದಲ್ಲಿ. ಬೀಗ ಹಾಕಿದ ದಿನದಿಂದ ನೀವು ಪ್ರತಿವಾದಿ. ಸುಲಭದ ಕೇಸಿನ ಜೊತೆ ತಡೆಯಾಜ್ಞೆ, ಪೊಲೀಸ್ ದೂರು ಎರಡೂ ಮೈಮೇಲೆ ಬರುತ್ತವೆ. ಒಬ್ಬ ವಕೀಲರಿಂದ ಸರಿಯಾದ ನೋಟಿಸ್ ಕೊಡಿಸಿ. ಆಮೇಲೆ ಬಾಡಿಗೆ ಬಂದರೆ, ನೋಟಿಸಿಗೆ ಧಕ್ಕೆ ಬಾರದಂತೆ ಸ್ವೀಕರಿಸುತ್ತಿದ್ದೇವೆ ಎಂದು ಬರೆದೇ ಸ್ವೀಕರಿಸಿ.

ನಿಮಗೆ ವಕೀಲರ ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅದು ಸಾಮಾನ್ಯವಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ದಾವೆಗೆ ಮೊದಲೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲೂ ಕೇಳಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಅದಕ್ಕೆ ಡಿಕ್ರಿಯ ಬಲ ಇರುತ್ತದೆ. ಬರೀ ಬಾಯಿಮಾತಿನ ಒಪ್ಪಂದಕ್ಕಿಂತ ಅದು ಎಷ್ಟೋ ಮೇಲು.

ನೋಟಿಸ್ ಬಂದರೆ ಬೇಡ ಎಂದು ಅಂಚೆಯವರನ್ನು ವಾಪಸ್ ಕಳಿಸಬೇಡಿ. ನಿರಾಕರಿಸಿದರೂ ತಲುಪಿದಂತೆಯೇ ಲೆಕ್ಕ. ತೆಗೆದುಕೊಂಡು, ಬಂದ ತಾರೀಖನ್ನು ಲಕೋಟೆಯ ಮೇಲೆ ಬರೆದು, 15 ದಿನದ ಒಳಗೆ ವಕೀಲರ ಮೂಲಕ ಉತ್ತರ ಕಳಿಸಿ. ಕೋರ್ಟಿನ ಸಮನ್ಸ್ ಬಂದರೆ 30 ದಿನದಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಆ ದಿನಗಳು ಬೇಗ ಕಳೆಯುತ್ತವೆ. ಹಳೆಯ ಕರಾರು, ಸ್ಟೇಟ್‌ಮೆಂಟ್, ಕರೆಂಟ್ ಬಿಲ್, ಟ್ರೇಡ್ ಲೈಸೆನ್ಸ್ ಎಲ್ಲಾ ಒಂದು ಫೈಲಿನಲ್ಲಿ ಈಗಲೇ ಹಾಕಿ, ಅದನ್ನು ಅಂಗಡಿಯಲ್ಲಿ ಇಡದೆ ಮನೆಯಲ್ಲಿ ಇಟ್ಟುಕೊಳ್ಳಿ.